ಎಲ್ಲರ ಲಿನಕ್ಸ್, ಹೊಣೆ ಯಾರದು?

ಕಂಪ್ಯೂಟರಿನ ಯಂತ್ರಾಂಶಕ್ಕೂ ಅದರ ಮೇಲೆ ಓಡುವ ತಂತ್ರಾಂಶಗಳಿಗೂ ನಡುವೆ ನಿಂತು ಕೆಲಸ ಹಂಚುವುದು ಆಪರೇಟಿಂಗ್ ಸಿಸ್ಟಂ. ಯಾವ ತಂತ್ರಾಂಶಕ್ಕೆ ಎಷ್ಟು ಮೆಮೊರಿ, ಪ್ರೊಸೆಸರಿನ ಸಮಯ ಯಾರಿಗೆ ಎಷ್ಟು, ಕಡತ ಡಿಸ್ಕಿನಲ್ಲಿ ಎಲ್ಲಿ ಕೂರಬೇಕು ಎಂಬುದನ್ನೆಲ್ಲ ತೀರ್ಮಾನಿಸುವ ಅದರ ಒಳತಿರುಳಿಗೆ ಕರ್ನೆಲ್ ಎಂದು ಹೆಸರು. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಬಗೆಯ ಯಂತ್ರಗಳಲ್ಲಿ ಓಡುತ್ತಿರುವ ಕರ್ನೆಲ್ ಲಿನಕ್ಸ್. ಆಂಡ್ರಾಯ್ಡ್ ಫೋನು, ಮನೆಯ ವೈಫೈ ರೂಟರು, ಟಿ.ವಿ., ಬ್ಯಾಂಕಿನ ಸರ್ವರು, ಕ್ಲೌಡ್ ಕಂಪನಿಗಳ ದತ್ತಾಂಶ ಕೇಂದ್ರ, ಎಲ್ಲೆಡೆಯೂ ಅದಿದೆ. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಲಿನಕ್ಸ್ ಹೊರತು ಬೇರೊಂದಿಲ್ಲ.

ಇಷ್ಟು ವ್ಯಾಪಿಸಿದ ಈ ತಂತ್ರಾಂಶಕ್ಕೆ ಮಾಲೀಕನೆಂಬ ಒಬ್ಬನಿಲ್ಲ. ಅದರ ಸೋರ್ಸ್ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಮುಕ್ತ ತಂತ್ರಾಂಶದ ಮೊದಲ ಎರಡು ದಶಕಗಳ ಜಗಳವೆಲ್ಲ ಕೋಡ್ ತೆರೆದಿರಬೇಕೇ ಮುಚ್ಚಿರಬೇಕೇ ಎಂಬುದರ ಸುತ್ತ ನಡೆಯಿತು. ಆ ಜಗಳ ಬಹುಮಟ್ಟಿಗೆ ಮುಗಿದಿದೆ. ಈಗಿನ ಚರ್ಚೆಗಳು ಬೇರೆ: ತೆರೆದಿಟ್ಟ ಕೋಡನ್ನು ನೋಡಿಕೊಳ್ಳುವವರು ಯಾರು, ಅದರಲ್ಲಿ ಏನಿರಬೇಕೆಂದು ತೀರ್ಮಾನಿಸುವವರು ಯಾರು, ಅದು ಕೈಕೊಟ್ಟಾಗ ಹೊಣೆ ಹೊರುವವರು ಯಾರು?

ಹುಟ್ಟಿದ ಬಗೆ

ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1969ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ರೂಪಿಸಿದ ಯುನಿಕ್ಸ್ ಈ ವಂಶದ ಮೂಲಪುರುಷ. ಎಪ್ಪತ್ತರ ದಶಕದಲ್ಲಿ ಅದರ ಸೋರ್ಸ್ ಕೋಡ್ ವಿಶ್ವವಿದ್ಯಾಲಯಗಳಿಗೆ ಸುಲಭವಾಗಿ ಸಿಗುತ್ತಿತ್ತು. ಎಂಬತ್ತರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನ ಒಡೆಯನಾದ ಎಟಿ ಅಂಡ್ ಟಿ ಕಂಪನಿ ಅದನ್ನು ವ್ಯಾಪಾರದ ಸರಕಾಗಿಸಿ ಪರವಾನಗಿಯನ್ನು ಬಿಗಿಗೊಳಿಸಿತು. ತಂತ್ರಾಂಶಕ್ಕೆ ಬೀಗ ಹಾಕುವ ಈ ಪದ್ಧತಿಯನ್ನು ಒಪ್ಪದ ಎಂಐಟಿಯ ರಿಚರ್ಡ್ ಸ್ಟಾಲ್ಮನ್ 1983ರ ಸೆಪ್ಟೆಂಬರಿನಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದರು. ಯುನಿಕ್ಸ್‌ನಂತೆಯೇ ಕೆಲಸ ಮಾಡುವ, ಆದರೆ ಪೂರ್ತಿ ಸ್ವತಂತ್ರವಾದ ಆಪರೇಟಿಂಗ್ ಸಿಸ್ಟಂ ಒಂದನ್ನು ಕಟ್ಟುವುದು ಗುರಿ. ಕಂಪೈಲರು, ಎಡಿಟರು, ಶೆಲ್ ಎಂದು ಒಂದೊಂದೇ ಭಾಗ ಸಿದ್ಧವಾದವು. ಕರ್ನೆಲ್ ಮಾತ್ರ ಕೈಗೂಡಲಿಲ್ಲ.

ಆ ಜಾಗ ತುಂಬಿದವರು ಹೆಲ್ಸಿಂಕಿ ವಿಶ್ವವಿದ್ಯಾಲಯದ 21ರ ಹರೆಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್. 1991ರ ಆಗಸ್ಟ್ 25ರಂದು ತಾವು ಹವ್ಯಾಸಕ್ಕಾಗಿ ಒಂದು ಕರ್ನೆಲ್ ಬರೆಯುತ್ತಿರುವುದಾಗಿ ಅವರು ತಿಳಿಸಿದರು. 1992ರಲ್ಲಿ ಅದನ್ನು ಗ್ನೂ ಜಿಪಿಎಲ್ ಪರವಾನಗಿಯ ಅಡಿ ತಂದದ್ದು ದೊಡ್ಡ ತಿರುವು. ಗ್ನೂ ಸಲಕರಣೆಗಳೂ ಲಿನಕ್ಸ್ ಕರ್ನೆಲ್ಲೂ ಸೇರಿ ಪೂರ್ಣ ವ್ಯವಸ್ಥೆಯಾಯಿತು. ಅದನ್ನು ಜೋಡಿಸಿ ಹಂಚುವ ‘ಡಿಸ್ಟ್ರೊ’ಗಳು ಹುಟ್ಟಿದವು: 1993ರಲ್ಲಿ ಸ್ಲ್ಯಾಕ್‌ವೇರ್ ಮತ್ತು ಡೆಬಿಯನ್, ಆಮೇಲೆ ರೆಡ್ ಹ್ಯಾಟ್, 2004ರಲ್ಲಿ ಉಬುಂಟು.

ವಾದ–ವಿವಾದ ಲಿನಕ್ಸ್‌ಗೆ ಹುಟ್ಟಿನಿಂದಲೇ ಅಂಟಿಬಂದದ್ದು. 1992ರ ಜನವರಿಯಲ್ಲಿ ಮಿನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ಕರ್ತೃ, ಪ್ರೊಫೆಸರ್ ಆಂಡ್ರ್ಯೂ ಟಾನೆನ್‌ಬಾಮ್ ಲಿನಕ್ಸ್‌ನ ವಿನ್ಯಾಸ ಹಳತಾಯಿತೆಂದು ಟೀಕಿಸಿದರು. ಎಲ್ಲವನ್ನೂ ಒಂದೇ ಕರ್ನೆಲ್ಲಿನಲ್ಲಿ ತುಂಬುವುದಕ್ಕಿಂತ ಪುಟ್ಟ ಮೈಕ್ರೊಕರ್ನೆಲ್ ಇಟ್ಟುಕೊಂಡು ಉಳಿದ ಕೆಲಸವನ್ನು ಹೊರಗೆ ಬಿಡುವುದು ಮೇಲು ಎಂಬುದು ಅವರ ವಾದ. ಸಿದ್ಧಾಂತದಲ್ಲಿ ಅವರ ಮಾತಿಗೆ ಇಂದಿಗೂ ತೂಕವಿದೆ. ಬಳಕೆಯಲ್ಲಿ ಗೆದ್ದದ್ದು ಲಿನಕ್ಸ್.

ಪರವಾನಗಿಯ ಕರಾರು

ಮುಕ್ತ ತಂತ್ರಾಂಶದ ಪರವಾನಗಿಗಳಲ್ಲಿ ಎರಡು ಮುಖ್ಯ ಪಂಥಗಳಿವೆ. ಜಿಪಿಎಲ್ ಪ್ರಕಾರ ತಂತ್ರಾಂಶವನ್ನು ತಿದ್ದಿ ಇನ್ನೊಬ್ಬರಿಗೆ ಕೊಡುವವರು ತಿದ್ದಿದ ಸೋರ್ಸ್ ಕೋಡನ್ನೂ ಅದೇ ಕರಾರಿನಡಿ ಕೊಡಬೇಕು. ಬಿಎಸ್‌ಡಿ ಬಗೆಯ ಪರವಾನಗಿಗೆ ಅಂಥ ಷರತ್ತಿಲ್ಲ. ಹೀಗಾಗಿ ಬಿಎಸ್‌ಡಿ ಮೂಲದ ಕೋಡನ್ನು ಆ್ಯಪಲ್ ತನ್ನ ಮ್ಯಾಕ್‌ಒಎಸ್‌ನಲ್ಲಿಯೂ ಸೋನಿ ತನ್ನ ಪ್ಲೇಸ್ಟೇಷನ್‌ನಲ್ಲಿಯೂ ಬಳಸಿಕೊಂಡು, ತಮ್ಮ ತಿದ್ದುಪಡಿಗಳಲ್ಲಿ ಬೇಕಾದದ್ದನ್ನು ಮುಚ್ಚಿಟ್ಟುಕೊಳ್ಳಲು ಸಾಧ್ಯವಾಯಿತು. ಲಿನಕ್ಸ್‌ಗೆ ಕಂಪನಿಗಳ ತಿದ್ದುಪಡಿಗಳು ಮರಳಿ ಬರುತ್ತ ಹೋಗಲು ಜಿಪಿಎಲ್ ಒಂದು ಮುಖ್ಯ ಕಾರಣ.

ಈ ಕರಾರಿನ ಮಿತಿ ಎಲ್ಲಿಯವರೆಗೆ ಎಂಬುದು ರೆಡ್ ಹ್ಯಾಟ್ ಪ್ರಕರಣದಲ್ಲಿ ಕಂಡಿತು. ಉದ್ಯಮಗಳಿಗೆ ಶುಲ್ಕದ ಮೇಲೆ ಲಿನಕ್ಸ್ ಒದಗಿಸುವ ಈ ಕಂಪನಿಯನ್ನು ಐಬಿಎಂ 2019ರಲ್ಲಿ 3,400 ಕೋಟಿ ಡಾಲರಿಗೆ ಕೊಂಡಿತು. ಅದೇ ತಂತ್ರಾಂಶದ ಉಚಿತ ಪಡಿಯಚ್ಚಾಗಿದ್ದ ಸೆಂಟ್‌ಒಎಸ್ 8ಕ್ಕೆ 2021ರ ಕೊನೆಯಲ್ಲಿ ಬೆಂಬಲ ನಿಲ್ಲಿಸಲಾಗುವುದೆಂದು 2020ರ ಡಿಸೆಂಬರಿನಲ್ಲಿ ಪ್ರಕಟಣೆ ಹೊರಬಿತ್ತು. ಅದರ ಸ್ಥಾನಕ್ಕೆ ರಾಕಿ ಲಿನಕ್ಸ್, ಆಲ್ಮಾ ಲಿನಕ್ಸ್‌ಗಳು ಹುಟ್ಟಿಕೊಂಡವು. 2023ರ ಜೂನಿನಲ್ಲಿ ರೆಡ್ ಹ್ಯಾಟ್ ತನ್ನ ಉದ್ಯಮ ಆವೃತ್ತಿಯ ನಿಖರ ಸೋರ್ಸ್ ಕೋಡನ್ನು ಗ್ರಾಹಕರಿಗಷ್ಟೇ ಸೀಮಿತಗೊಳಿಸಿತು. ಜಿಪಿಎಲ್ ಹೇಳುವುದು ತಂತ್ರಾಂಶ ಪಡೆದವರಿಗೆ ಕೋಡ್ ಕೊಡಬೇಕೆಂದು, ಲೋಕಕ್ಕೆಲ್ಲ ಕೊಡಬೇಕೆಂದಲ್ಲ ಎಂಬುದು ಕಂಪನಿಯ ನೆಲೆ. ಸಾವಿರಾರು ಜನರ ದುಡಿಮೆಯ ಫಲವನ್ನು ಚಂದಾದ ಗೋಡೆಯ ಹಿಂದಿಡುವುದು ಪರವಾನಗಿಯ ಆಶಯಕ್ಕೆ ವಿರುದ್ಧ ಎಂಬುದು ಎದುರು ನೆಲೆ. ಅಕ್ಷರ ಒಂದು ಕಡೆಗಿದ್ದು ಆಶಯ ಇನ್ನೊಂದು ಕಡೆಗಿರುವ ಇಂಥ ಜಗಳಕ್ಕೆ ಪರವಾನಗಿಯೊಂದೇ ಉತ್ತರ ಕೊಡಲಾರದು.

ಒಬ್ಬ ನಿರ್ವಾಹಕನ ಹೆಗಲ ಮೇಲೆ

ಕೋಡ್ ತೆರೆದಿದ್ದರೆ ಅನೇಕ ಕಣ್ಣುಗಳು ನೋಡುತ್ತವೆ, ಹಾಗಾಗಿ ದೋಷ ಅಡಗಿರಲಾರದು ಎಂಬುದು ಮುಕ್ತ ತಂತ್ರಾಂಶದವರ ಹಳೆಯ ನಂಬಿಕೆ. ಅದಕ್ಕೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು 2014ರಲ್ಲಿ. ಅಂತರ್ಜಾಲದ ಗೂಢಲಿಪೀಕರಣದ ಬಹುಪಾಲನ್ನು ನಡೆಸುತ್ತಿದ್ದ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಎರಡು ವರ್ಷ ಯಾರ ಕಣ್ಣಿಗೂ ಬೀಳದೆ ಕುಳಿತಿತ್ತು. ಅದು ಕೈತಪ್ಪಿನಿಂದ ಆದದ್ದು. ಹತ್ತು ವರ್ಷಗಳ ಬಳಿಕ ಬಂದದ್ದು ಬೇಕೆಂದೇ ಮಾಡಿದ್ದು.

ಎಕ್ಸ್‌ಝಡ್ ಎಂಬುದು ಕಡತಗಳನ್ನು ಕುಗ್ಗಿಸುವ ಒಂದು ಸಲಕರಣೆ. ಬಹುತೇಕ ಎಲ್ಲ ಲಿನಕ್ಸ್ ಡಿಸ್ಟ್ರೊಗಳಲ್ಲಿಯೂ ಅದಿದೆ. ಅದನ್ನು ವರ್ಷಗಟ್ಟಲೆ ಸಂಬಳವಿಲ್ಲದೆ ನೋಡಿಕೊಂಡು ಬಂದಿದ್ದವರು ಒಬ್ಬರೇ. 2021ರಿಂದ ‘ಜಿಯಾ ಟಾನ್’ ಎಂಬ ಹೆಸರಿನವರು ಸಣ್ಣಪುಟ್ಟ ತಿದ್ದುಪಡಿಗಳನ್ನು, ಅಂದರೆ ಪ್ಯಾಚುಗಳನ್ನು, ಕಳಿಸಲಾರಂಭಿಸಿದರು. ಕೆಲಸ ನಿಧಾನವಾಗುತ್ತಿದೆ, ಇನ್ನೊಬ್ಬರಿಗೆ ಹೊಣೆ ವಹಿಸಿ ಎಂದು ಬೇರೆ ಹೆಸರುಗಳಿಂದ ಒತ್ತಡ ಬಂತು. ಕ್ರಮೇಣ ಈ ಹೊಸ ಸಹಾಯಕನಿಗೆ ಹೊಸ ಆವೃತ್ತಿ ಬಿಡುಗಡೆ ಮಾಡುವ ಅಧಿಕಾರ ಸಿಕ್ಕಿತು. 2024ರ ಆರಂಭದಲ್ಲಿ ಬಂದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಒಂದು ಹಿಂಬಾಗಿಲು ಸೇರಿಕೊಂಡಿತು. ಪರೀಕ್ಷೆಗೆಂದು ಇಟ್ಟ ಕಡತಗಳೊಳಗೆ ಅದನ್ನು ಬಚ್ಚಿಡಲಾಗಿತ್ತು. ಅದನ್ನು ಜೀವಂತಗೊಳಿಸುವ ಸಾಲುಗಳು ಎಲ್ಲರೂ ನೋಡುವ ಕೋಡ್ ಭಂಡಾರದಲ್ಲಿರಲಿಲ್ಲ, ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇದ್ದವು. ದೂರದಿಂದ ಸರ್ವರಿಗೆ ಪ್ರವೇಶಿಸಲು ಬಳಸುವ ಎಸ್‌ಎಸ್‌ಎಚ್ ಸೇವೆಯನ್ನೇ ಅದು ಗುರಿ ಮಾಡಿತ್ತು.

ಪತ್ತೆಯಾದದ್ದು ಯಾವ ಭದ್ರತಾ ತಪಾಸಣೆಯಿಂದಲೂ ಅಲ್ಲ. ಮೈಕ್ರೊಸಾಫ್ಟ್‌ನ ಎಂಜಿನಿಯರ್, ಪೋಸ್ಟ್‌ಗ್ರೆಸ್ ದತ್ತಾಂಶ ವ್ಯವಸ್ಥೆಯ ಅಭಿವೃದ್ಧಿಗಾರ ಆಂಡ್ರೆಸ್ ಫ್ರಾಯಂಡ್ ಅವರಿಗೆ ತಮ್ಮ ಪರೀಕ್ಷಾ ಯಂತ್ರದಲ್ಲಿ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿರುವುದು ಕಂಡಿತು. ಬೆನ್ನುಹತ್ತಿ ಹೋದಾಗ ಹಿಂಬಾಗಿಲು ಸಿಕ್ಕಿತು. 2024ರ ಮಾರ್ಚ್ 29ರಂದು ಅವರು ಅದನ್ನು ಬಹಿರಂಗಪಡಿಸಿದರು. ಡೆಬಿಯನ್ನಿನ ಸ್ಥಿರ ಆವೃತ್ತಿಯಂಥವುಗಳಿಗೆ ಅದು ಇನ್ನೂ ತಲುಪಿರಲಿಲ್ಲವಾದ್ದರಿಂದ ಭಾರೀ ಅನಾಹುತ ತಪ್ಪಿತು.

ಈ ಪ್ರಕರಣವನ್ನು ಮುಕ್ತ ತಂತ್ರಾಂಶವನ್ನು ಒಪ್ಪುವವರೂ ಒಪ್ಪದವರೂ ತಮ್ಮ ಪರವಾಗಿ ಉದಾಹರಿಸುತ್ತಾರೆ. ಕೋಡ್ ತೆರೆದಿದ್ದುದರಿಂದಲೇ ಹೊರಗಿನ ಎಂಜಿನಿಯರೊಬ್ಬರಿಗೆ ಒಳಹೊಕ್ಕು ನೋಡಲು ಸಾಧ್ಯವಾಯಿತು ಎಂಬುದು ನಿಜ. ತೆರೆದ ವ್ಯವಸ್ಥೆಯಲ್ಲಿ ವಿಶ್ವಾಸ ಗಳಿಸಿ ಒಳಸೇರುವುದು ಇಷ್ಟು ಸುಲಭವಾಯಿತು ಎಂಬುದೂ ನಿಜ. ಆದರೆ ದಾಳಿಕೋರರು ಆರಿಸಿಕೊಂಡದ್ದು ಕೋಡಿನ ದೌರ್ಬಲ್ಯವನ್ನಲ್ಲ, ಒಬ್ಬಂಟಿ ನಿರ್ವಾಹಕನ ದಣಿವನ್ನು. ಲಕ್ಷಾಂತರ ಸರ್ವರುಗಳು ಆತುಕೊಂಡಿರುವ ಸಲಕರಣೆಗೆ ಒಬ್ಬನೇ ಕಾವಲು ಎಂಬ ಸ್ಥಿತಿ ಎಕ್ಸ್‌ಝಡ್‌ಗೆ ಮಾತ್ರ ಸೀಮಿತವಲ್ಲ.

ಸಿ ಮತ್ತು ರಸ್ಟ್

ಕರ್ನೆಲ್ಲಿನೊಳಗಿನ ಇತ್ತೀಚಿನ ದೊಡ್ಡ ಜಗಳ ಪ್ರೋಗ್ರಾಮಿಂಗ್ ಭಾಷೆಯದು. ಲಿನಕ್ಸ್ ಬರೆದಿರುವುದು ಸಿ ಭಾಷೆಯಲ್ಲಿ. ಸಿ ವೇಗದ ಭಾಷೆ, ಆದರೆ ಮೆಮೊರಿ ಬಳಕೆಯ ಎಚ್ಚರವನ್ನೆಲ್ಲ ಬರೆಯುವವರಿಗೇ ಬಿಡುತ್ತದೆ. ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಮುಟ್ಟುವುದು, ಮಿತಿ ಮೀರಿ ಬರೆಯುವುದು ಇಂಥ ತಪ್ಪುಗಳೇ ಭದ್ರತಾ ದೋಷಗಳ ದೊಡ್ಡ ಪಾಲು. ಮೈಕ್ರೊಸಾಫ್ಟ್ ಮತ್ತು ಗೂಗಲ್‌ನ ಕ್ರೋಮ್ ತಂಡ ತಂತಮ್ಮ ಉತ್ಪನ್ನಗಳಲ್ಲಿ ಈ ಪಾಲು ಸುಮಾರು ಶೇ 70 ಎಂದು ಲೆಕ್ಕ ಕೊಟ್ಟಿವೆ. ರಸ್ಟ್ ಭಾಷೆಯ ಕಂಪೈಲರು ಇಂಥ ಬಹಳಷ್ಟು ತಪ್ಪುಗಳನ್ನು ತಂತ್ರಾಂಶ ಓಡುವ ಮೊದಲೇ ಹಿಡಿದು ನಿಲ್ಲಿಸುತ್ತದೆ. ಆಂಡ್ರಾಯ್ಡ್‌ನಲ್ಲಿ ಹೊಸ ಕೋಡನ್ನು ರಸ್ಟ್‌ನಂಥ ಸುರಕ್ಷಿತ ಭಾಷೆಗಳಲ್ಲಿ ಬರೆಯುತ್ತ ಬಂದ ಮೇಲೆ, ಭದ್ರತಾ ದೋಷಗಳಲ್ಲಿ ಮೆಮೊರಿ ಸಂಬಂಧಿಯಾದವುಗಳ ಪಾಲು 2019ರ ಶೇ 76ರಿಂದ 2024ರಲ್ಲಿ ಶೇ 24ಕ್ಕೆ ಇಳಿಯಿತು ಎಂದು ಗೂಗಲ್ ವರದಿ ಮಾಡಿದೆ.

2022ರ ಡಿಸೆಂಬರಿನಲ್ಲಿ ಬಂದ 6.1ನೇ ಆವೃತ್ತಿಯಿಂದ ಕರ್ನೆಲ್ಲಿನಲ್ಲಿ ಪ್ರಾಯೋಗಿಕವಾಗಿ ರಸ್ಟ್‌ಗೆ ಜಾಗ ಸಿಕ್ಕಿತು. ತಕರಾರು ಶುರುವಾದದ್ದು ಆಮೇಲೆ. ಎರಡು ಭಾಷೆ ಬೆರೆತರೆ ನಿರ್ವಹಣೆ ಕಷ್ಟ, ಸಿ ಕಡೆಯಲ್ಲಿ ಒಂದು ಬದಲಾವಣೆ ಮಾಡಿದರೆ ಅದರ ಮೇಲೆ ನಿಂತ ರಸ್ಟ್ ಕೋಡ್ ಮುರಿಯುತ್ತದೆ, ಅದನ್ನು ಸರಿಪಡಿಸುವ ಹೊರೆ ತಮ್ಮ ಮೇಲೆ ಬೀಳುತ್ತದೆ ಎಂಬುದು ಹಳೆಯ ನಿರ್ವಾಹಕರಲ್ಲಿ ಕೆಲವರ ಆತಂಕ. 2025ರ ಆರಂಭದಲ್ಲಿ ಹಿರಿಯ ಅಭಿವೃದ್ಧಿಗಾರ ಕ್ರಿಸ್ಟೋಫ್ ಹೆಲ್‌ವಿಗ್ ತಮ್ಮ ವಿಭಾಗಕ್ಕೆ ತಾಗುವ ರಸ್ಟ್ ಕೋಡನ್ನು ಬಲವಾಗಿ ವಿರೋಧಿಸಿದರು. ಆ್ಯಪಲ್ ಯಂತ್ರಗಳಿಗೆ ಲಿನಕ್ಸ್ ತಂದ ಅಸಾಹಿ ಯೋಜನೆಯ ಹೆಕ್ಟರ್ ಮಾರ್ಟಿನ್ ಈ ಜಗಳದ ನಡುವೆ ಹೊಣೆಯಿಂದ ಹೊರನಡೆದರು. ಯಾವ ನಿರ್ವಾಹಕನೂ ರಸ್ಟ್ ಬಳಸಲೇಬೇಕೆಂಬ ಕಡ್ಡಾಯವಿಲ್ಲ, ಹಾಗೆಯೇ ತನ್ನ ವಿಭಾಗದ ಸೌಲಭ್ಯವನ್ನು ಬೇರೆಡೆ ರಸ್ಟ್‌ನಲ್ಲಿ ಬಳಸುವವರನ್ನು ತಡೆಯುವ ಅಧಿಕಾರವೂ ಇಲ್ಲ ಎಂದು ಟೊರ್ವಾಲ್ಡ್ಸ್ ತೀರ್ಪಿತ್ತರು. 2025ರ ಡಿಸೆಂಬರಿನಲ್ಲಿ ಟೋಕಿಯೊದಲ್ಲಿ ಸೇರಿದ ಕರ್ನೆಲ್ ನಿರ್ವಾಹಕರ ಸಭೆ, ರಸ್ಟ್ ಇನ್ನು ಪ್ರಯೋಗವಲ್ಲ ಎಂಬ ಒಮ್ಮತಕ್ಕೆ ಬಂತು.

ಇದು ಬರೀ ತಾಂತ್ರಿಕ ವಿವಾದವಲ್ಲ. ಲಿನಕ್ಸ್‌ನ ಆಡಳಿತ ಶ್ರೇಣಿಯದು: ಪ್ಯಾಚು ವಿಭಾಗದ ನಿರ್ವಾಹಕರ ಕೈದಾಟಿ ಮೇಲೇರಿ ಕೊನೆಗೆ ಟೊರ್ವಾಲ್ಡ್ಸ್ ಬಳಿ ಸೇರುತ್ತದೆ. ಒಂಬತ್ತು ಹತ್ತು ವಾರಕ್ಕೊಮ್ಮೆ ಹೊಸ ಆವೃತ್ತಿ ಬಿಡುಗಡೆಯಾಗುವಷ್ಟು ಈ ಏರ್ಪಾಡು ಗಟ್ಟಿಯಾಗಿದೆ. ಆದರೆ ಒಮ್ಮತ ಮುರಿದಾಗ ಕೊನೆಯ ಮಾತು ಒಬ್ಬ ವ್ಯಕ್ತಿಯದೇ. ಅವರ ನಂತರ ಯಾರು ಎಂಬ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ.

ಗಡಿಗಳ ರಾಜಕೀಯ

ಯಾವ ದೇಶದ ಸೊತ್ತೂ ಅಲ್ಲದ ಕೋಡಿಗೂ ಕಾನೂನಿನ ವಿಳಾಸವೊಂದು ಇರುತ್ತದೆ. 2024ರ ಅಕ್ಟೋಬರಿನಲ್ಲಿ ರಷ್ಯಾ ಮೂಲದ ಕೆಲವು ಅಭಿವೃದ್ಧಿಗಾರರ ಹೆಸರನ್ನು ಕರ್ನೆಲ್ ನಿರ್ವಾಹಕರ ಪಟ್ಟಿಯಿಂದ ತೆಗೆಯಲಾಯಿತು. ಅಮೆರಿಕ ಮತ್ತಿತರ ದೇಶಗಳ ನಿರ್ಬಂಧಗಳ ಪಾಲನೆ ಅದಕ್ಕೆ ಕಾರಣ. ಕರ್ನೆಲ್ ಕೆಲಸಕ್ಕೆ ಆಸರೆಯಾದ ಲಿನಕ್ಸ್ ಫೌಂಡೇಷನ್ ಇರುವುದು ಅಮೆರಿಕದಲ್ಲಿ, ಟೊರ್ವಾಲ್ಡ್ಸ್ ನೆಲೆಸಿರುವುದೂ ಅಲ್ಲೇ. ಕೋಡನ್ನು ಬಳಸಲು ಯಾರಿಗೂ ಅಡ್ಡಿಯಾಗಲಿಲ್ಲ. ಅದರ ನಿರ್ವಹಣೆಯಲ್ಲಿ ಪಾಲ್ಗೊಳ್ಳುವ ಅವಕಾಶ ಮಾತ್ರ ರಾಜಕೀಯಕ್ಕೆ ಒಳಪಟ್ಟಿತು.

ಇದೇ ರಾಜಕೀಯ ಮುಚ್ಚಿದ ತಂತ್ರಾಂಶದ ಮೇಲೆ ಇನ್ನೂ ಬಿರುಸಾಗಿ ಬೀಳುತ್ತದೆ. 2025ರ ಜುಲೈನಲ್ಲಿ ಐರೋಪ್ಯ ಒಕ್ಕೂಟದ ನಿರ್ಬಂಧದ ಹಿನ್ನೆಲೆಯಲ್ಲಿ ರಷ್ಯಾದ ಬಂಡವಾಳವಿರುವ ಭಾರತದ ತೈಲ ಕಂಪನಿ ನಯಾರಾ ಎನರ್ಜಿಗೆ ಮೈಕ್ರೊಸಾಫ್ಟ್ ಸೇವೆಗಳು ಸ್ಥಗಿತಗೊಂಡವು. ಕಂಪನಿ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದ ಬಳಿಕ ಸೇವೆ ಮರಳಿತು. ಹಣ ಕೊಟ್ಟು ಪಡೆದ ತಂತ್ರಾಂಶವೂ ಪರದೇಶದ ತೀರ್ಮಾನದಿಂದ ನಿಂತುಹೋಗಬಹುದು ಎಂಬುದು ಹಲವು ಸರ್ಕಾರಗಳನ್ನು ಎಚ್ಚರಿಸಿದೆ. ಜರ್ಮನಿಯ ಶ್ಲೆಸ್ವಿಗ್–ಹೋಲ್‌ಸ್ಟೈನ್ ರಾಜ್ಯ ಸುಮಾರು 30,000 ಸರ್ಕಾರಿ ಕಂಪ್ಯೂಟರುಗಳನ್ನು ಮುಕ್ತ ಕಚೇರಿ ತಂತ್ರಾಂಶವಾದ ಲಿಬ್ರೆಆಫೀಸ್‌ಗೆ, ಮುಂದೆ ಲಿನಕ್ಸ್‌ಗೆ ಬದಲಾಯಿಸುವ ಯೋಜನೆಯನ್ನು 2024ರಲ್ಲಿ ಪ್ರಕಟಿಸಿತು.

ಇಂಥ ಪ್ರಯತ್ನಗಳು ಎಡವಿದ ನಿದರ್ಶನವೂ ಅದೇ ದೇಶದಲ್ಲಿದೆ. ಮ್ಯೂನಿಕ್ ನಗರಾಡಳಿತ ಲಿಮುಕ್ಸ್ ಹೆಸರಿನಲ್ಲಿ ಸುಮಾರು 15,000 ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಿಸಿ, 2017ರಲ್ಲಿ ವಿಂಡೋಸ್‌ಗೆ ಮರಳಲು ನಿರ್ಧರಿಸಿತು. ತಂತ್ರಾಂಶ ಬದಲಾದರೆ ಸಾಲದು, ಕಡತಗಳ ವಿನಿಮಯ, ಸಿಬ್ಬಂದಿಯ ತರಬೇತಿ, ಆಳುವವರ ಬೆಂಬಲ ಎಲ್ಲವೂ ಒಟ್ಟಿಗೆ ನಿಲ್ಲಬೇಕು ಎಂಬುದು ಅಲ್ಲಿಯ ಪಾಠ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಗ್ನೂ/ಲಿನಕ್ಸ್ ವರ್ಷಗಳಿಂದ ನೆಲೆನಿಂತಿರುವುದಕ್ಕೆ ಪಠ್ಯ, ಶಿಕ್ಷಕರ ತರಬೇತಿ, ಸ್ಥಳೀಯ ಭಾಷೆ ಮೂರನ್ನೂ ಜೋಡಿಸಿಕೊಂಡದ್ದು ಕಾರಣ. ಕೇಂದ್ರ ಸರ್ಕಾರದ ಸಿ–ಡ್ಯಾಕ್ ಡೆಬಿಯನ್ ಆಧರಿಸಿ ‘ಬಾಸ್’ ಎಂಬ ಡಿಸ್ಟ್ರೊ ರೂಪಿಸಿದೆ. ಸರ್ಕಾರಿ ಕಚೇರಿಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿ 2015ರಲ್ಲೇ ಬಂದಿದೆ. ಆದರೂ ಕಚೇರಿ ಮೇಜಿನ ಮೇಲೆ ಹೆಚ್ಚಾಗಿ ಕಾಣುವುದು ವಿಂಡೋಸೇ.

ವಿಂಡೋಸ್ ಅವಲಂಬನೆಯ ಬೆಲೆಯ ಒಂದು ಮುಖ 2025ರ ಅಕ್ಟೋಬರ್ 14ರಂದು ಕಂಡಿತು. ಅಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಅದಿಲ್ಲದ, ಆದರೆ ಇನ್ನೂ ಚೆನ್ನಾಗಿ ಓಡುವ ಕಂಪ್ಯೂಟರುಗಳಿಗೆ ಲಿನಕ್ಸ್ ಒಂದು ದಾರಿ.

ಫೋನಿನಲ್ಲಿ ಕಿರಿದಾಗುವ ಬಾಗಿಲು

ಆಂಡ್ರಾಯ್ಡ್ ಹೆಸರಿಗೆ ಮುಕ್ತ. ಅದರ ಕರ್ನೆಲ್ ಲಿನಕ್ಸ್, ಮೇಲಿನ ಪದರದ ಬಹುಪಾಲು ಅಪಾಚೆ ಎಂಬ ಮುಕ್ತ ಪರವಾನಗಿಯದು. ಆದರೆ ಜನ ನಿತ್ಯ ಬಳಸುವ ಪ್ಲೇ ಸ್ಟೋರ್, ಮ್ಯಾಪ್ಸ್‌ನಂಥವು ಗೂಗಲ್‌ನ ಮುಚ್ಚಿದ ತಂತ್ರಾಂಶಗಳು. 2025ರ ಮಾರ್ಚಿನಲ್ಲಿ ಗೂಗಲ್ ಆಂಡ್ರಾಯ್ಡ್‌ನ ಅಭಿವೃದ್ಧಿಯನ್ನೆಲ್ಲ ಒಳಗೇ ನಡೆಸಿ, ಬಿಡುಗಡೆಯ ಹೊತ್ತಿಗೆ ಕೋಡ್ ಪ್ರಕಟಿಸುವುದಾಗಿ ಹೇಳಿತು. ಅದೇ ವರ್ಷ ಆಗಸ್ಟಿನಲ್ಲಿ, ಪ್ಲೇ ಸ್ಟೋರಿನ ಹೊರಗಿನಿಂದ ಹಾಕಿಕೊಳ್ಳುವ ಆ್ಯಪ್‌ಗಳನ್ನು ಬರೆದವರೂ ತನ್ನಲ್ಲಿ ಗುರುತು ದೃಢಪಡಿಸಬೇಕೆಂಬ ನಿಯಮ ಪ್ರಕಟಿಸಿತು. ವಂಚಕ ಆ್ಯಪ್‌ಗಳ ತಡೆಗೆ ಇದು ಅಗತ್ಯ ಎಂಬುದು ಗೂಗಲ್ ವಾದ. ಮುಕ್ತ ಆ್ಯಪ್‌ಗಳ ಭಂಡಾರವಾದ ಎಫ್–ಡ್ರಾಯ್ಡ್ ಇದು ತನ್ನ ಅಸ್ತಿತ್ವಕ್ಕೇ ಕುತ್ತು ಎಂದಿತು. ಕೋಡ್ ಮುಕ್ತವಾಗಿದ್ದೂ ಯಂತ್ರದ ಮೇಲಿನ ಹಿಡಿತ ಬಳಕೆದಾರನಿಗೆ ಸಿಗದಿರಬಹುದು ಎಂಬುದಕ್ಕೆ ಇದು ಕಣ್ಣೆದುರಿನ ಉದಾಹರಣೆ.

ಎಐ ಬರೆದ ಪ್ಯಾಚು

2003ರಲ್ಲಿ ಎಸ್‌ಸಿಒ ಎಂಬ ಕಂಪನಿ, ತನ್ನ ಯುನಿಕ್ಸ್ ಕೋಡನ್ನು ಲಿನಕ್ಸ್‌ಗೆ ಸೇರಿಸಲಾಗಿದೆ ಎಂದು ಐಬಿಎಂ ಮೇಲೆ ದಾವೆ ಹೂಡಿತು. ಅದರ ಬಿಸಿಯಲ್ಲಿ 2004ರಿಂದ ಪ್ರತಿ ಪ್ಯಾಚಿಗೂ ಕಳಿಸಿದವರ ಸಹಿ ಕಡ್ಡಾಯವಾಯಿತು. ಈ ಕೋಡನ್ನು ಕೊಡುವ ಹಕ್ಕು ತನಗಿದೆ ಎಂಬುದು ಆ ಸಹಿಯ ಅರ್ಥ. ಕೃತಕ ಬುದ್ಧಿಮತ್ತೆ ಬರೆದ ಕೋಡಿಗೆ ಆ ಮಾತನ್ನು ಯಾರು ಕೊಡಬೇಕು? ಎಲ್ಲಿಂದ ಕಲಿತು ಬರೆದದ್ದೆಂದು ಅದಕ್ಕೇ ಗೊತ್ತಿಲ್ಲ. ಜೆಂಟೂ ಲಿನಕ್ಸ್ ಮತ್ತು ನೆಟ್‌ಬಿಎಸ್‌ಡಿ ಯೋಜನೆಗಳು 2024ರಲ್ಲಿ ಎಐ ಕೋಡಿಗೆ ಬಾಗಿಲು ಮುಚ್ಚಿದವು. ಲಿನಕ್ಸ್ ಕರ್ನೆಲ್ ನಿಷೇಧದ ದಾರಿ ಹಿಡಿದಿಲ್ಲ. ಎಐ ಒಂದು ಸಲಕರಣೆ, ಸಹಿ ಮಾಡುವ ಮನುಷ್ಯನೇ ಹೊಣೆ ಎಂಬುದು ಅಲ್ಲಿಯ ನಿಲುವು.

ಹಕ್ಕಿನ ಪ್ರಶ್ನೆಗಿಂತ ಹೊರೆಯ ಪ್ರಶ್ನೆ ಹೆಚ್ಚು ಕಾಡುತ್ತಿದೆ. ಪ್ಯಾಚು ಬರೆಯುವುದು ಅಗ್ಗವಾಗಿದೆ, ಓದಿ ಪರಿಶೀಲಿಸುವುದು ಅಗ್ಗವಾಗಿಲ್ಲ. ಬಹುತೇಕ ಎಲ್ಲ ವ್ಯವಸ್ಥೆಗಳಲ್ಲೂ ಇರುವ ‘ಕರ್ಲ್’ ಸಲಕರಣೆಯ ತಂಡ, ಎಐ ಹೆಣೆದ ಪೊಳ್ಳು ದೋಷ ವರದಿಗಳ ಕಾಟ ತಾಳದೆ, ದೋಷ ತೋರಿಸಿದವರಿಗೆ ಹಣ ಕೊಡುವ ಪದ್ಧತಿಯನ್ನು 2026ರ ಆರಂಭದಲ್ಲಿ ನಿಲ್ಲಿಸಿತು.

ಕನ್ನಡದ ಪಾಲು

ಬೆಂಗಳೂರು ಈ ಲೋಕಕ್ಕೆ ಹೊಸದಲ್ಲ. 2001ರಲ್ಲಿ ಲಿನಕ್ಸ್ ಬೆಂಗಳೂರು ಹೆಸರಿನಲ್ಲಿ ಶುರುವಾಗಿ ಮುಂದೆ ಫಾಸ್.ಇನ್ ಎಂದಾದ ಸಮ್ಮೇಳನ ಒಂದು ದಶಕಕ್ಕೂ ಹೆಚ್ಚು ಕಾಲ ದೇಶದ ಅಭಿವೃದ್ಧಿಗಾರರನ್ನು ಒಟ್ಟುಗೂಡಿಸಿತು. ಕನ್ನಡದ ನಿತ್ಯಬಳಕೆಯೂ ಮುಕ್ತ ತಂತ್ರಾಂಶದ ಮೇಲೆ ನಿಂತಿದೆ. ಅಕ್ಷರಕ್ಕೆ ಒತ್ತು, ಗುಣಿತ ಸರಿಯಾದ ಜಾಗದಲ್ಲಿ ಕೂರುವಂತೆ ಮಾಡುವ ಹಾರ್ಫ್‌ಬಝ್ ಎಂಬ ಲೈಬ್ರರಿ ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲದರಲ್ಲೂ ಇದೆ. ಲೋಹಿತ್, ನೋಟೊ ಮುಂತಾದ ಕನ್ನಡ ಫಾಂಟುಗಳು ಮುಕ್ತ ಪರವಾನಗಿಯವು. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದು ನುಡಿ ತಂತ್ರಾಂಶದ ಮೂಲಕ ಮನೆಮಾತಾದ ಕಗಪ ಕೀಲಿಮಣೆ ಲಿನಕ್ಸ್ ಡಿಸ್ಟ್ರೊಗಳಲ್ಲಿ ಸಿದ್ಧವಾಗಿ ಸಿಗುತ್ತದೆ. ಇವುಗಳ ಅನುವಾದ, ಪರೀಕ್ಷೆ, ತಿದ್ದುಪಡಿ ಮಾಡುವ ಕನ್ನಡಿಗರ ಸಂಖ್ಯೆ ಮಾತ್ರ ಬಳಸುವವರ ಸಂಖ್ಯೆಗೆ ಹೋಲಿಸಿದರೆ ಏನೇನೂ ಅಲ್ಲ.

ಹಣ ಮತ್ತು ಹೊಣೆ

ಹಾರ್ಟ್‌ಬ್ಲೀಡ್‌ನಿಂದ ಎಕ್ಸ್‌ಝಡ್‌ವರೆಗಿನ ಪ್ರಕರಣಗಳು ಸರ್ಕಾರಗಳನ್ನೂ ಕಂಪನಿಗಳನ್ನೂ ಸ್ವಲ್ಪ ಅಲುಗಿಸಿವೆ. ಜರ್ಮನಿ 2022ರಲ್ಲಿ ಸಾವರಿನ್ ಟೆಕ್ ಫಂಡ್ ಸ್ಥಾಪಿಸಿ, ಲಿನಕ್ಸ್ ಡೆಸ್ಕ್‌ಟಾಪ್ ರೂಪಿಸುವ ಗ್ನೋಮ್ ಯೋಜನೆಗೆ 10 ಲಕ್ಷ ಯೂರೊ ಕೊಟ್ಟಿತು. ಬೆಂಗಳೂರಿನ ಷೇರು ವಹಿವಾಟು ಕಂಪನಿ ಝೆರೋಧಾ ಮುಕ್ತ ತಂತ್ರಾಂಶ ಯೋಜನೆಗಳಿಗೆಂದು ವರ್ಷಕ್ಕೆ 10 ಲಕ್ಷ ಡಾಲರಿನ ನಿಧಿಯನ್ನು 2024ರಲ್ಲಿ ಆರಂಭಿಸಿತು. ಐರೋಪ್ಯ ಒಕ್ಕೂಟದ ಸೈಬರ್ ರೆಸಿಲಿಯೆನ್ಸ್ ಆ್ಯಕ್ಟ್ 2024ರ ಡಿಸೆಂಬರಿನಲ್ಲಿ ಜಾರಿಗೆ ಬಂದಿದ್ದು, ಅದರ ಮುಖ್ಯ ಕಟ್ಟಳೆಗಳು 2027ರ ಡಿಸೆಂಬರಿನಿಂದ ಅನ್ವಯಿಸುತ್ತವೆ. ಕರಡಿನಲ್ಲಿ ಹವ್ಯಾಸಿಗಳ ಮೇಲೂ ಹೊರೆ ಬೀಳುವ ಭಯವಿತ್ತು. ಅಂತಿಮ ರೂಪದಲ್ಲಿ ಲಾಭಕ್ಕಲ್ಲದೆ ಕೋಡ್ ಹಂಚುವವರಿಗೆ ವಿನಾಯಿತಿ ಸಿಕ್ಕಿ, ಅದನ್ನು ಸರಕಾಗಿ ಮಾರುವ ಕಂಪನಿಯ ತಲೆಯ ಮೇಲೆ ಭದ್ರತೆಯ ಹೊಣೆ ಬಿತ್ತು.

ಈ ಹಂಚಿಕೆ ನ್ಯಾಯವಾದದ್ದು. ಪುಕ್ಕಟೆ ಕೊಟ್ಟವನನ್ನು ದಂಡಿಸಿ, ಅದರಿಂದ ಕೋಟಿ ಗಳಿಸಿದವನನ್ನು ಬಿಡುವ ಪದ್ಧತಿ ಹೆಚ್ಚು ಕಾಲ ನಡೆಯದು. ಮುಕ್ತ ಪರವಾನಗಿ ಕೋಡನ್ನು ಬಳಸುವ ಹಕ್ಕನ್ನು ಎಲ್ಲರಿಗೂ ಕೊಡುತ್ತದೆ, ಅದನ್ನು ಕಾಯುವ ಕೆಲಸವನ್ನು ಯಾರಿಗೂ ವಹಿಸುವುದಿಲ್ಲ. ಆ ಕೆಲಸಕ್ಕೆ ಜನರನ್ನೂ ಹಣವನ್ನೂ ಬಳಸುವವರೇ ಒದಗಿಸಬೇಕು. ಲಿನಕ್ಸ್ ಬಳಸಿ ವ್ಯವಹಾರ ನಡೆಸುವ ಪ್ರತಿ ಬ್ಯಾಂಕು, ಪ್ರತಿ ಕಂಪನಿ, ಪ್ರತಿ ಸರ್ಕಾರದ ಲೆಕ್ಕಪತ್ರದಲ್ಲಿ ಅದಕ್ಕೊಂದು ಬಾಬ್ತು ಇರಬೇಕಾದದ್ದು ದಾನವಾಗಿ ಅಲ್ಲ, ನಿರ್ವಹಣಾ ವೆಚ್ಚವಾಗಿ.